ಎರಡು ಮನೆ ಕೆಳಗೆ

ನಮ್ಮ ಬೀದಿಯಲ್ಲಿ ನಮಗಿಂತ ಎರಡು ಮನೆ ಕೆಳಗಿದ್ದಳು
ವೆಲ್ಡಾ ಪ್ರೂಯಿಟ್.
ಅವಳಪ್ಪ ಗಾಳಿಯಂತ್ರದ ರಿಪೇರಿಯವ.
ಪಶ್ಚಿಮ ಟೆಕ್ಸಸ್ಸಿನ ಬೋಳು ನೆಲದಲ್ಲಿ
ಮರವಿಲ್ಲದ ಕಡೆ ಮರದಂತೆ ನಿಂತ ಕಬ್ಬಿಣ ಹತ್ತಿ
ಕಿರ್ರೆನ್ನುವ ಚಕ್ರಕ್ಕೆ ಎಣ್ಣೆ ಬಿಟ್ಟು ಇಳಿಯುತ್ತಿದ್ದ.
ಕೆಳಗೆ ಡಬ್ಬಿ ಹಿಡಿದು ನಿಂತ ಹುಡುಗಿ
ಎಣ್ಣೆ ಬೀಳುವ ಮುಂಚೆ
ಆ ಕಿರ್ರಿನ ಶ್ರುತಿ ಹಿಡಿದು ಗುನುಗುತ್ತಿದ್ದಳಂತೆ.
ಅಂತೆ ಯಾಕೆ, ನಾನೇ ಕೇಳಿದ್ದೇನೆ,
ಬೇಲಿಗೆ ಗಲ್ಲವೂರಿ, ಮೂಗಿನ ತುಂಬ ಧೂಳು.

ಹದಿನೇಳಕ್ಕೆ ಮೊದಲ ಹಾಡು,
ಹತ್ತಿ ಗಿರಣಿಯ ತೂಕದ ಚೀಟಿಯ ಬೆನ್ನ ಮೇಲೆ.
ಅದರಲ್ಲಿ ಪ್ರೀತಿಯಿಲ್ಲ, ಚಂದ್ರನಿಲ್ಲ.
ಚಿಕ್ಕಮ್ಮ ಮಾರಿದ ಹೊಲಿಗೆ ಯಂತ್ರ,
ಅದರ ಕಾಲಿದ್ದ ಜಾಗದಲ್ಲಿ
ನೆಲಹಾಸಿನ ಮೇಲೆ ಮಾಸದೆ ಉಳಿದ ನಾಲ್ಕು ಗುರುತು.
ನಮ್ಮಮ್ಮ ಪಾತ್ರೆ ತೊಳೆಯುವುದು ನಿಲ್ಲಿಸಿ
'ಇದನ್ನೆಲ್ಲ ಹಾಡೋದುಂಟೇ?' ಅಂದಳು.
ಆಮೇಲೆ ಇಡೀ ವಾರ ಅದನ್ನೇ ಹಾಡಿದಳು.

ನಾನು ಬೇಸ್ ಗಿಟಾರು. ನಾಲ್ಕು ತಂತಿ, ನಾಲ್ಕು ಮಾತು.
ಯಾರೂ ನೋಡದ ಕಡೆ ನಿಲ್ಲುವುದು ನನ್ನ ಕಸುಬು.
ಇಪ್ಪತ್ತಾರು ವರ್ಷ ಅವಳ ಎಡಕ್ಕೆ
ಅರ್ಧ ಹೆಜ್ಜೆ ಹಿಂದೆ,
ಕುಣಿತದ ಹಾಲುಗಳಲ್ಲಿ, ದನದ ಹರಾಜಿನ ಅಂಗಳಗಳಲ್ಲಿ,
ಒಮ್ಮೆ ಟ್ರ್ಯಾಕ್ಟರ್ ಅಂಗಡಿಯ ಉದ್ಘಾಟನೆಗೆ
ಹೊಸ ಟೈರಿನ ವಾಸನೆಯೊಳಗೆ.

ನ್ಯಾಶ್‌ವಿಲ್ಲಿಗೂ ಹೋದೆವು, ಎಲ್ಲರೂ ಹೋಗುವಂತೆ.
ಕಂಪನಿಯವನು ಕೆಟ್ಟವನಲ್ಲ, ಕಾಫಿ ಕೊಟ್ಟ.
'ಹೊಲಿಗೆ ಯಂತ್ರ ತೆಗೆದು ಒಬ್ಬ ಗಂಡಸನ್ನು ಹಾಕಮ್ಮ,' ಅಂದ,
'ಬಿಟ್ಟುಹೋದದ್ದು ಗಂಡಸಾದರೆ ರೇಡಿಯೋಗೆ ಒಗ್ಗುತ್ತೆ.'
ಹಾಕಿದಳು.
ಹಾಡು ಮೂವತ್ತೆಂಟನೇ ಸ್ಥಾನಕ್ಕೆ ಏರಿತು,
ಎರಡು ವಾರ ಕೂತಿತು, ಇಳಿಯಿತು.
ಆ ದುಡ್ಡಲ್ಲಿ ವ್ಯಾನಿನ ಗೇರುಪೆಟ್ಟಿಗೆ ಬದಲಾಯಿತು,
ಚಿಕ್ಕಮ್ಮನಿಗೆ ಹೊಸ ಯಂತ್ರ ಬಂತು.
ಅವಳದನ್ನು ಹಳೆಯ ಗುರುತಿನ ಮೇಲೆ ಇಡಲಿಲ್ಲ.
ಕಿಟಕಿಯ ಹತ್ತಿರ ಇಟ್ಟಳು, ಬೆಳಕಿದೆ ಅಂತ.

ನಡುವೆ ಒಂದು ಮದುವೆ. ಅದರ ಮೇಲೆ ಹಾಡು ಕಟ್ಟಲಿಲ್ಲ.
ಕೇಳಿದವರಿಗೆ, 'ಅವನು ಪ್ರಾಸಕ್ಕೆ ಸಿಗುವವನಲ್ಲ' ಅನ್ನುತ್ತಿದ್ದಳು.

ನಲವತ್ತಾರಕ್ಕೆ ಗಂಟಲಲ್ಲಿ ಗಂಟು.
'ಇಷ್ಟು ವರ್ಷ ದುಡಿದು ಕಟ್ಟಿದ ಗಂಟು ಇದೊಂದೇ ನೋಡು,'
ಲಬಕ್ಕಿನ ಆಸ್ಪತ್ರೆಯಲ್ಲಿ ಅದೇ ಅವಳ ಕೊನೆಯ ಮಾತು,
ಕತ್ತರಿಗೆ ಮುಂಚೆ.
ಮೂರು ತಿಂಗಳು ಮೌನ. ಸೊಂಟಕ್ಕೆ ದಾರ ಕಟ್ಟಿದ ಪುಸ್ತಕ.
ಮೊದಲ ಪುಟದಲ್ಲಿ ಬರೆದದ್ದು:
ವ್ಯಾನಿಗೆ ಎಣ್ಣೆ ಹಾಕಿಸಿದೆಯಾ?

ದನಿ ಬಂತು. ಬಂದದ್ದು ಎರಡು ಮನೆ ಕೆಳಗೆ.
ಹಾಡುಗಳನ್ನೆಲ್ಲ ಹೊತ್ತು ಇಳಿಸಬೇಕಾಯಿತು,
ಮೆಟ್ಟಿಲಲ್ಲಿ ಬೀರು ಇಳಿಸುವ ಹಾಗೆ,
ಮೂಲೆ ತಗಲಿ, ಬೆರಳು ಜಜ್ಜಿ.
ಸ್ಟೀಲ್ ಗಿಟಾರಿನ ಓಡೆಲ್ ಗೊಣಗಿದ, ಬಿಟ್ಟೂಹೋದ.
ಜನ ಕರಗಿದರು.
ನಾನು ಏನು ಹೇಳಲಿ? ಆ ದನಿ
ನನ್ನ ದಪ್ಪ ತಂತಿಯ ಪಕ್ಕ ಬಂದು ಕೂತಿತ್ತು.
ಹತ್ತಿ ಏರುತ್ತಿದ್ದ ಕಡೆ ಈಗ ಸುಮ್ಮನೆ ನಿಲ್ಲುತ್ತಿದ್ದಳು,
ಏರಿದ್ದು ನಮಗೆ ಕೇಳುತ್ತಿತ್ತು.

ಹೋದ ಫೆಬ್ರವರಿ, ಶಾಲಾ ಬಸ್ ಚಾಲಕರ ಊಟದ ರಾತ್ರಿ,
ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ಮಡಚುವ ಕುರ್ಚಿಗಳು.
ಹೇಳದೆ ಕೇಳದೆ
ಗಂಡಸನ್ನು ತೆಗೆದು ಯಂತ್ರವನ್ನು ವಾಪಸಿಟ್ಟಳು.
ನಾನು ಒಂದು ಸ್ವರ ತಪ್ಪಿದೆ. ಯಾರಿಗೂ ಗೊತ್ತಾಗಲಿಲ್ಲ,
ಅದೂ ನನ್ನ ಕಸುಬೇ.

ಮುಗಿದ ಮೇಲೆ ಟೋಪಿಯ ಮುದುಕನೊಬ್ಬ ಬಂದ:
'ಅಮ್ಮಾ, ಆ ಮಷೀನು ಕಾಲಿನದೋ ಕೈಯದೋ?'
ನಾನು ವೈರು ಸುತ್ತುತ್ತಿದ್ದೆ.
ಹೊರಗೆ ಗಾಳಿ. ಎಲ್ಲೋ ಒಂದು ಚಕ್ರ ಎಣ್ಣೆ ಬೇಡುತ್ತಿತ್ತು,
ಇನ್ನೂ ಹಳೆಯ ಮನೆಯಲ್ಲೇ ಇದ್ದು.
ಅವಳು ಒಮ್ಮೆ ತಲೆ ವಾಲಿಸಿದಳು,
ಆಮೇಲೆ ಮುದುಕನಿಗೆ ಕುರ್ಚಿ ಎಳೆದು ಕೊಟ್ಟು,
'ಕಾಲಿನದು,' ಅಂದಳು. 'ಪೆಡಲು ಸ್ವಲ್ಪ ಬಿಗಿ.'