ಹಳೆಯ ಡ್ರೈವರ್

ಲಿಫ್ಟಿನ ಡಬ್ಬಿಗೆ ಇಪ್ಪತ್ತು ತೆತ್ರಿ ನಾಣ್ಯ ಹಾಕಿ
ಒಂಬತ್ತನೆಯ ಮಹಡಿಗೆ ಹೋದೆ.
ಬಾಗಿಲು ತೆರೆದೇ ಇತ್ತು. ಒಳಗೆ ದೀಪವಿರಲಿಲ್ಲ;
ಲಮಾರಾಳಿಗೆ ದೀಪದ ಹಂಗಿಲ್ಲ.

"ಅನ್ಜೋರ್, ನೀನು ಡ್ರೈವರ್ ಅಲ್ಲವೆ?
ಇದರೊಳಗೂ ಒಬ್ಬನಿದ್ದ. ನಿನ್ನೆ ರಾತ್ರಿ
ನನ್ನನ್ನೊಂದು ಮಾತು ಕೇಳದೆ ಬದಲಾಯಿಸಿದ್ದಾರೆ.
ಹೊಸಬನಿಗೆ ಬಾಯಿಲ್ಲ."

ನಾನು ಓಡಿಸುವುದು ವಾರ್ಕೆತಿಲಿಯಿಂದ ಸ್ಟೇಷನ್ನಿಗೆ
ಹಳದಿ ಮಿನಿಬಸ್ಸು. ಕಂಪ್ಯೂಟರಿನಲ್ಲಿ
ಇಸ್ಪೀಟಾಟ ಬಿಟ್ಟರೆ ಬೇರೇನೂ ಮುಟ್ಟಿದವನಲ್ಲ.
"ಕಣ್ಣು ನಿನ್ನದು, ದಾರಿ ನನ್ನದು. ಕೂತುಕೋ."

ಪರದೆಯೇನೋ ಬೆಳ್ಳಗೆ ಹೊಳೆಯುತ್ತಿತ್ತು.
ಅವಳಿಗೆ ಪರದೆಯೆಂದರೆ ಅದನ್ನು ಓದಿ ಹೇಳುವ ದನಿ;
ಅದು ಹೋದರೆ ಮನೆಯಿದೆ, ಬಾಗಿಲಿಲ್ಲ.
ಹನ್ನೊಂದು ರೋಗಿಗಳು ಒಳಗೆ ಕಾದಿದ್ದರು:
ವೈದ್ಯರು ಗೊಣಗಿದ್ದನ್ನೆಲ್ಲ ಬೆಳಗ್ಗೆ ಒಂಬತ್ತರೊಳಗೆ
ಅವಳು ಅಕ್ಷರ ಮಾಡಿಕೊಡಬೇಕು.

"ಮೊದಲು ರಿಸ್ಟೋರ್ ಪಾಯಿಂಟ್ ಹಾಕು.
ಬಾವಿಗಿಳಿಯುವವನು ಸೊಂಟಕ್ಕೆ ಹಗ್ಗ ಕಟ್ಟಿಕೊಂಡ ಹಾಗೆ."
ಹಾಕಿದೆ.
"ಈಗ ಡಿವೈಸ್ ಮ್ಯಾನೇಜರ್. ಇಳಿ, ಇನ್ನೂ ಇಳಿ,
ಸೌಂಡ್ ಎಂಬುದರ ಪಕ್ಕ ಒಂದು ಬಾಣ."
ಇತ್ತು.
ಜನ್ಮದಲ್ಲಿ ನೋಡದ ಬಾಣ.

"ಅನ್‌ಇನ್‌ಸ್ಟಾಲ್ ಅಂತಿದೆ, ಒತ್ತಲೇ?"
ಮಣಿಕಟ್ಟು ಹಿಡಿದುಬಿಟ್ಟಳು.
"ಅದು ಕಿತ್ತೆಸೆಯುವುದು. ನಮಗೆ ಬೇಕಾದ್ದು
ಬಂದ ದಾರಿಯಲ್ಲಿ ಹಿಂದಕ್ಕೆ. ಪ್ರಾಪರ್ಟೀಸ್ ನೋಡು."

ಹೋದ ಚಳಿಗಾಲ, ರಸ್ತೆ ಗಾಜಿನಂತೆ ಹೆಪ್ಪುಗಟ್ಟಿದ್ದಾಗ,
ಹದಿನಾಲ್ಕು ಜನರನ್ನು ಕೂರಿಸಿಕೊಂಡು
ಅರ್ಧ ದಿಣ್ಣೆ ರಿವರ್ಸಿನಲ್ಲೇ ಇಳಿದಿದ್ದೆ.
ಯಾರೂ ಹೇಡಿ ಎನ್ನಲಿಲ್ಲ. ಒಬ್ಬಳು ಮುದುಕಿ
ಇಳಿಯುವಾಗ ಸೇಬು ಕೊಟ್ಟಳು.
ರೋಲ್ ಬ್ಯಾಕ್ ಒತ್ತಿದೆ.

ಅದು ಕಾರಣ ಕೇಳಿತು.
ಹಳೆಯದು ಚೆನ್ನಾಗಿತ್ತೆ? ಹಳೆಯದೇ ನಂಬಿಕಸ್ಥವೆ?
ಬೇರೆ ಕಾರಣವೆ? ಇದ್ದರೆ ವಿವರಿಸಿ.
ಓದಿ ಹೇಳಿದೆ. ಲಮಾರಾ ಬಹಳ ಹೊತ್ತು ಸುಮ್ಮನಿದ್ದಳು.
ಕೆಳಗೆ ಯಾರೋ ಕಾರಿನ ಬಾಗಿಲು ಬಡಿದರು.
"ಬೇರೆ ಕಾರಣ," ಎಂದಳು. "ವಿವರ ಖಾಲಿ ಬಿಡು."

ಯಂತ್ರ ಆರಿ ಮತ್ತೆ ಹೊತ್ತಿತು.
ತಿರುಗುತ್ತಿದೆ, ಎನ್ನುತ್ತಿದ್ದೆ ನಾನು, ಚಕ್ರ ತಿರುಗುತ್ತಿದೆ,
ಇನ್ನೂ ತಿರುಗುತ್ತಿದೆ,
ಹೆರಿಗೆ ಕೋಣೆಯ ಹೊರಗೆ ನಿಂತವನ ಹಾಗೆ.
ಆಮೇಲೆ ಒಮ್ಮೆಲೇ
ತಗಡಿನ ಮೇಲೆ ಜೋಳ ಸುರಿದಂತೊಂದು ದನಿ!
ಒಂದು ಪದವೂ ನನಗೆ ಹತ್ತಲಿಲ್ಲ, ಅಷ್ಟು ವೇಗ.
ಅವಳು ನಗುತ್ತಿದ್ದಳು.
"ಏನಂತೆ?"
"ಬ್ಯಾಟರಿ ನಲವತ್ತೊಂದು. ಹೊಸ ಅಪ್‌ಡೇಟ್ ಸಿದ್ಧವಂತೆ."

ಅದನ್ನು ಐದು ವಾರ ತಡೆಹಿಡಿದದ್ದು ಅವಳೇ.
ಬೆರಳು ಎಲ್ಲಿ ಹೋಯಿತು, ಎಲ್ಲಿ ಬಂತು
ನನ್ನ ಕಣ್ಣಿಗೆ ಸಿಗಲಿಲ್ಲ.
ಹೊರಡುವಾಗ ಒಂದು ಜಾಡಿ ಹುಳಿ ಪ್ಲಮ್ಮಿನ ಚಟ್ನಿ,
ಅಂಗೈಯಲ್ಲಿ ಒಂದು ನಾಣ್ಯ, ಲಿಫ್ಟಿಗೆ.
ಬೇಡ, ಎಂದೆ. ನಮ್ಮ ಲಿಫ್ಟು
ಹತ್ತುವುದಕ್ಕಷ್ಟೇ ಕಾಸು ಕೇಳುವುದು.