ಟಿಕೇಟಿನ ಬೆನ್ನ ಮ್ಯಾಲ

ನಮ್ಮಪ್ಪ ಕಾಶಿರಾಯ, ಬಸ್ಸಿನ ಕಂಡಕ್ಟರ್ ಇದ್ದವ,
ಎಂಬತ್ತೇಳರಾಗ ಆರು ಸಾವಿರಕ್ಕ ಪ್ಲಾಟ್ ತಗೊಂಡ.
ಮೂವತ್ತು ನಲವತ್ತು. ಆಗ ಅಲ್ಲಿ ಜಾಲಿ,
ಒಂದು ಹಾಳು ಬಾವಿ, ರಾತ್ರಿ ನರಿ.
“ಕಾಶಿರಾಯ ನರಿಗೋಳಿಗಿ ಮನಿ ಕಟ್ಟಿಸ್ಲಕತ್ತಾನ” ಅಂತ
ಡಿಪೋದಾಗ ನಕ್ಕರಂತ.
ಈ ಮಾತು ಎಷ್ಟು ಸಲ ಕೇಳೀನಿ ಅಂದ್ರ
ಆ ನರಿಗೋಳು ನನ್ನ ಹೆಸರು ಹಿಡದು ಕರೀತಾವ.

ಈಗ ಆ ಓಣ್ಯಾಗ ಎರಡು ಬ್ಯಾಂಕು, ಹಲ್ಲಿನ ದವಾಖಾನಿ.
ಬಾಜೂ ಮನಿ ಮಾರಾಟ ಆದ ದಿನ ಅಪ್ಪ ಪೇಢಾ ತಂದ.
“ಫೂಟಿಗಿ ಮೂರೂವರಿ ಸಾವಿರ!”
ಮಾರಿದವ ಇವನಲ್ಲ, ಕೊಂಡವ ಇವನಲ್ಲ,
ಆದ್ರೂ ಮೊಮ್ಮಗ ಹುಟ್ಟಿದಷ್ಟು ಖುಷಿ.
ಪೇಢಾ ಬಾಯಾಗ ಇಟ್ಕೊಂಡೇ ನಾನು ಲೆಕ್ಕ ಹಾಕಿದೆ:
ನಲವತ್ತೆರಡು ಲಕ್ಷ.
ಅತಿಥಿ ಉಪನ್ಯಾಸಕಿ ನಾನು, ವರ್ಷಕ್ಕ ಹತ್ತು ತಿಂಗಳ ಅತಿಥಿ,
ಉಳದ ಎರಡು ತಿಂಗಳ ಯಾರೂ ಅಲ್ಲ.
ಗಂಡನ ಪಗಾರ ಬ್ರಹ್ಮಪುರದ ಎರಡು ಖೋಲಿಗಿ, ಸಾಲಿ ಫೀಸಿಗಿ.
ನನ್ನದು ಮುಟ್ಟದ ಹಂಗೇ ಇಟ್ರ
ಹದಿಮೂರು ವರ್ಷ.
ಅಪ್ಪನ ಪ್ಲಾಟು ಅವನ ಒಂಬತ್ತು ತಿಂಗಳ ಪಗಾರ,
ಅವ್ವ ನನ್ನ ಹೊತ್ತಷ್ಟೇ ದಿನ.

“ನೀವು ಉಳಸೋದು ಕಲ್ತಿಲ್ಲ” ಅಂತಾನ.
“ನಾವು ಪುಂಡಿಪಲ್ಯ ತಿಂದು ಈ ಪರ್ಸಿ ಹಾಸಿದ್ವಿ.
ನೀವು ಸುಪರ್ ಮಾರ್ಕೆಟಿನ್ಯಾಗ ಪಿಜ್ಜಾ ತಿಂತೀರಿ.”
ವರ್ಷಕ್ಕ ನಾಕು ಪಿಜ್ಜಾ, ಅಪ್ಪಾ.
ನಲವತ್ತೆರಡು ಲಕ್ಷದ ಪಿಜ್ಜಾ ಅಂದ್ರ
ಕಲಬುರಗಿಗೆಲ್ಲ ಹೊಟ್ಟಿ ಕೆಡ್ತದ.
“ನಿಮ್ಮ ಕಾಲಕ್ಕ ನೆಲ ಅಗ್ಗ ಇತ್ತು.”
“ನೆಲ ಅಗ್ಗ ಇತ್ತು. ನೀರು?
ಎರಡು ಮೈಲಿ ಕೊಡ ಹೊತ್ತಾಳ ನಿಮ್ಮವ್ವ.”
ಅವ್ವ ರೊಟ್ಟಿ ಬಡಿಯೋ ಕೈ ನಿಲ್ಲಿಸದೇ ಅಂದ್ಲು:
“ನೀ ಮಾರಂಗಿಲ್ಲ. ಅಕಿ ಕೊಳ್ಳಂಗಿಲ್ಲ.
ಯಾರ ಕೈಗೂ ಸಿಗದ ರೊಕ್ಕಕ್ಕ
ಐತಾರಕ್ಕೊಮ್ಮೆ ಯಾಕ ಬಡದಾಡ್ತೀರಿ?”

ಎಳ್ಳಮಾಸಿ ಆದ ಮ್ಯಾಲ
ರಿಂಗ್ ರೋಡ್ ದಾಟಿ, ಸೇಡಂ ರಸ್ತಾದ ಕಡಿ,
ಹೊಸಾ ಲೇಔಟ್ ನೋಡ್ಲಕ ಹೋದ್ವಿ.
ನನ್ನ ಸ್ಕೂಟಿ ಹಿಂದ ಅಪ್ಪ.
ಸಿಗ್ನಲ್ ಬಿಟ್ಟಾಗೆಲ್ಲ “ರೈಟ್” ಅಂತಾನ, ಆ ಚಟ ಹೋಗಿಲ್ಲ.
ಸುಣ್ಣದ ಗೆರಿ, ಕಲ್ಲಿನ ಮ್ಯಾಲ ನಂಬರು,
ನಡುವ ಇನ್ನೂ ತೊಗರಿ ಕೂಳಿ.
ದಲಾಲಿ ಮಶಾಕ ನನ್ನ ಜೋಡಿ ಸಾಲಿ ಕಲ್ತವ,
ನೆಲ ನೋಡಿಕೊಂತ ಹೇಳಿದ:
“ಇಪ್ಪತ್ತಾರು ಲಕ್ಷ, ಅಂಕಲ್. ಕಾರ್ನರ್ ಬ್ಯಾರೆ.”
ಅಪ್ಪ ಬೆಂಕಿ ಆದ.
“ಇದು ಹೊಲಲೇ! ಕರೀ ಮಣ್ಣು, ಬಿರಕು ಬಿಡ್ತದ,
ಬುನಾದಿ ನಿಲ್ಲಂಗಿಲ್ಲ.
ಇದಕ್ಕ ಇಪ್ಪತ್ತಾರಾ? ಹಗಲ ದರೋಡಿ!”
“ನಿಮ್ಮ ಓಣಿ ರೇಟ್ ನೋಡೇ
ಇಲ್ಲಿ ರೇಟ್ ಕಟ್ತಾರ, ಅಂಕಲ್.”

ಗೆದ್ದೆ ಅನಸಬೇಕಿತ್ತು ನನಗ.
ಅಪ್ಪ ಬೂಟಿನ್ಯಾಗ ಹೊಕ್ಕ ತೊಗರಿ ಕಡ್ಡಿ ತಗೀಲಕ
ನಂಬರಿನ ಕಲ್ಲ ಮ್ಯಾಲ ಕುಂತ.
ಒಂದು ಕಡ್ಡಿಗಿ ಬಾಳ ಹೊತ್ತು ಕುಂತ.
ಹೊಳ್ಳಿ ಬರೋತನಕ ಒಮ್ಮೆನೂ “ರೈಟ್” ಅನ್ನಲಿಲ್ಲ.

ಮುಂದಿನ ಐತಾರ, ಟೀವಿ ಹಿಂದ ಮಶಾಕನ ಕಾರ್ಡು.
ಬೆನ್ನ ಮ್ಯಾಲ ಅಪ್ಪನ ಇರವಿ ಅಕ್ಷರ:
ಪಿಂಚಣಿ ಮೂರು ಸಾವಿರ, ಪಿ.ಎಫ್. ಉಳಿಕಿ, ಅವ್ವನ ಪಾಟಲಿ.
ಕೂಡಿಸಿ, ಕಳದು, ಮತ್ತ ಕೂಡಿಸಿ,
ಕೊನಿಗಿ ಒಂದು ಅಂಕಿ, ಸುತ್ತ ಗೋಲ.

ಚಿಲ್ರ ಇಲ್ಲದಾಗ ಟಿಕೇಟಿನ ಬೆನ್ನಿಗಿ
ಹಿಂಗೇ ಬರದು ಗೋಲ ಎಳೀತಿದ್ದ.
“ಇಳಿಯೋ ಮುಂದ ಕೇಳಿ ತಗೋರಿ.”
ಗದ್ದಲದಾಗ ಬಾಳ ಮಂದಿ ಮರತು ಇಳದು
ಬಸ್ ಹೋದ ಮ್ಯಾಲ ಟಿಕೇಟು ಹೊಳ್ಳಿಸಿ ನೋಡ್ತಿದ್ರು.

ಕಾರ್ಡು ಇದ್ದಲ್ಲೇ ಇಟ್ಟೆ.
ಹೊರಗ ಕಟ್ಟಿ ಮ್ಯಾಲ ಅಪ್ಪ ಯಾರಿಗೋ
“ಮೂರೂವರಿ” ಅಂತ ಹೇಳ್ಲಕತ್ತಿದ್ದ,
ದನಿ ಜರಾ ತಗ್ಗಿತ್ತು.