ನಾಲ್ಕನೇ ಡ್ರಮ್ಮಿನ ನೀರು

ಮಂಗಳವಾರ. ಫ್ರೀಸ್‌ಲ್ಯಾಂಡಿನ ಬಯಲಲ್ಲಿ
ಹಸುಗಳಿನ್ನೂ ಮಲಗಿವೆ.
ಶೆಡ್ಡಿನೊಳಗೆ ಸಿತ್ಸ್ಕೆ
ಮೊಳಕೈವರೆಗೂ ಉಜ್ಜಿ ತೊಳೆದು, ಕೈಗವಸು ತೊಟ್ಟು
ಡ್ರಮ್ಮಿನ ಬುಡಕ್ಕೆ ಬಾಟಲಿ ಹಿಡಿಯುತ್ತಾಳೆ.
ನಲವತ್ತೆಂಟನೇ ಗಂಟೆ.
ಕುದುರೆಮಸಾಲೆ ಬೀಜ ಬಾಲ ಬಿಟ್ಟಿದೆ.

ಬೆಚ್ಚಗೆ, ತೇವ, ಕತ್ತಲು:
ಬೀಜಕ್ಕೆಂದು ಹಾಸಿದ ಹಾಸಿಗೆ.
ಕರೆಯದೆ ಬಂದವರಿಗೂ ಅದೇ ಹಿತ.
ಸಿಪ್ಪೆಯ ಗೀರಿನಲ್ಲಿ ಒಬ್ಬ ಅಡಗಿ ಬಂದಿದ್ದರೂ ಸಾಕು,
ಎರಡು ರಾತ್ರಿಗೆ ಊರಾಗುತ್ತಾನೆ.

ಅನ್ನ ಬೆಂದಿದೆಯೇ ಎಂದು ಒಂದಗುಳು ಹಿಸುಕಿದರೆ
ಮಡಕೆಯೆಲ್ಲ ಹೇಳಿಬಿಡುತ್ತದೆ.
ಇಲ್ಲಿ ಒಂದು ಮೊಳಕೆಗೆ ಪಕ್ಕದ ಮೊಳಕೆಯ ಸುದ್ದಿ ಗೊತ್ತಿಲ್ಲ.
ಅದಕ್ಕೇ ನೀರನ್ನು ಕೇಳಬೇಕು,
ಎಲ್ಲರ ಮೈ ತೊಳೆದು, ಸಂದುಗೊಂದು ಹೊಕ್ಕು
ಎಲ್ಲರ ಗುಟ್ಟು ಹೊತ್ತು ಕೆಳಗಿಳಿದ
ಈ ಮಾಸಲು ನೀರನ್ನು.

ಮಾವ ಔಕೆ ಚಿಟಿಕೆ ಎತ್ತಿ ಮೂಸುತ್ತಾನೆ.
"ಇಷ್ಟು ಬೆಳ್ಳಗೆ, ಇಷ್ಟು ಗರಿಗರಿ! ಇದಕ್ಕೇನಾಗಿದೆ?"
ಅದೇ ತೊಡಕು, ಮಾವ.
ಬೆಳೆಯುವ ಸಿರಿ ಮೊಳಕೆಯಲ್ಲಿ ಕಾಣುತ್ತದೆ,
ಬೆಳೆಯುವ ಜ್ವರ ಕಾಣುವುದಿಲ್ಲ.

ಬಾಟಲಿ ಐಸಿನ ಪೆಟ್ಟಿಗೆಯಲ್ಲಿ ಲೇವಾರ್ಡನ್ನಿಗೆ ಹೊರಟಿತು.
ಡ್ರಮ್ಮು ತಿರುಗುತ್ತಲೇ ಇದೆ; ಮೊಳಕೆಗೆ ಕಾಯುವುದು ಬರದು.
ಲಾರಿಯ ರೆನ್ಸೆ ಎರಡು ಸಲ ಫೋನು ಮಾಡಿದ:
ಶುಕ್ರವಾರದ ಸಂತೆ, ಆಸ್ಪತ್ರೆ ಕ್ಯಾಂಟೀನಿನ ನಲವತ್ತು ಡಬ್ಬಿ...
"ನಾಳೆ" ಅಂದಳು. ಮತ್ತೆ "ನಾಳೆ" ಅಂದಳು.

ಗುರುವಾರ ಮಧ್ಯಾಹ್ನ, ಅರ್ಧ ತಿಂದ ಬ್ರೆಡ್ಡು ತಟ್ಟೆಯಲ್ಲಿ.
ಫೋನಿನಾಚೆಯ ಹುಡುಗಿ ಮೊದಲು ಹೆಸರು, ಆಮೇಲೆ ತಾರೀಖು,
ಆಮೇಲೆ ಡ್ರಮ್ಮಿನ ಸಂಖ್ಯೆ ಓದಿದಳು.
ಅಷ್ಟು ನಿಧಾನ ಓದಿದರೆ ಗೊತ್ತಾಗಿಬಿಡುತ್ತದೆ.

ಮುನ್ನೂರು ಕಿಲೋ.
ಅದೇ ಚೀಲದ ಬೀಜವೆಂದು ಐದನೆಯದೂ.
ಹಾಗೇ ಚೆಲ್ಲುವಂತಿಲ್ಲ, ಹಬೆ ಬಿಟ್ಟು ಕೊಂದು ಚೆಲ್ಲಬೇಕು.
ಹಬೆಯೇರಿದಂತೆ ಶೆಡ್ಡಿನ ತುಂಬ
ಯಾರದೋ ಅಡುಗೆಮನೆಯ ವಾಸನೆ,
ಬೇಯುವ ಸೊಪ್ಪು, ಹಸಿದ ಮಧ್ಯಾಹ್ನ.
ಔಕೆ ಟೋಪಿ ತೆಗೆದು ಕೇಳಿದ,
"ಈಗ ತಿನ್ನಬಹುದಲ್ಲವೇ?"
ತಿನ್ನಬಹುದು.
ಯಾರೂ ತಿನ್ನಲಿಲ್ಲ.

ಸಂಜೆ ಡ್ರಮ್ಮಿನ ಹೊಟ್ಟೆಯೊಳಗೆ ತಲೆ ಹಾಕಿ
ಬ್ರಷ್ಷಿನಿಂದ ಉಜ್ಜುತ್ತ ಸಿತ್ಸ್ಕೆ
ತನ್ನಷ್ಟಕ್ಕೇ ಬೈಯುತ್ತಿದ್ದಳು.
ಯಾರನ್ನೆಂದು ನಾನು ಕೇಳಲಿಲ್ಲ, ಪೈಪು ಹಿಡಿದು ನಿಂತಿದ್ದೆ.
ಬೇರೆ ಚೀಲ ಬಿಚ್ಚಿದಳು. ನೆನೆಹಾಕಿದಳು.
ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಳು:
ಶನಿವಾರ, ಸಂಜೆ ಏಳು, ಬಾಟಲಿ.